ಶಾವಿಗೆಯ ಎಳೆ

ನೆನೆದ ಗೋಧಿ ಹಿಟ್ಟಿನ ವಾಸನೆ ಬಂದರೆ ನಾನು ಈಗಲೂ ಮಾತು ನಿಲ್ಲಿಸಿಬಿಡುತ್ತೇನೆ.

ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ಮಮದಾಪುರದ ನಮ್ಮ ಪಡಸಾಲೆಯಲ್ಲಿ ಆ ಮಧ್ಯಾಹ್ನ, ನಾನೇ ಕಟ್ಟಿದ ಕಥೆ ಹೇಳುತ್ತ ಶಾವಿಗೆ ಹೊಸೆಯುತ್ತಿದ್ದೆ. ಕಥೆ ಏರಿದಂತೆ ಎಳೆ ಕೂದಲಿನಷ್ಟು ಸಣ್ಣಗಾಯಿತು.

“ಗೋಕಾಕ ಕಾಲೇಜಿಗೆ ಹೋಗಿ ಇಂಥಾವು ಭಾಳ ಬರೀತೇನ್ರಿ,” ಎಂದೆ, ಘೋಡಗೇರಿಯಿಂದ ಬಂದಿದ್ದ ನೆಂಟರ ಹೆಂಗಸಿಗೆ.

ಆಕೆ ಒಣಗಲು ಕೋಲಿನ ಮೇಲೆ ಹಾಕಿದ್ದ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಏನ್ ಕೈ ಐತ್ರಿ ಹುಡುಗೀದು! ನಮ್ಮ ಹುಡುಗಗ ಈಕೀನ್ನ ಕೊಡ್ರಿ.”

ಅಜ್ಜಿ ನಕ್ಕಳು. “ಬಾಯಿ ಭಾಳ ಐತಿ ನೋಡ್ರಿ. ದಿನಾ ಕಥೀನ.”

“ಇರ್ಲಿ ಬಿಡ್ರಿ. ನಮ್ಮನ್ಯಾಗ ಕೆಲಸ ಭಾಳ ಐತಿ, ತಾನ ಸುಮ್ಮನಾಗತಾಳ.”

ಮದುವೆ ಮಾತು ಗಟ್ಟಿಯಾಯಿತೆಂದು ಅವ್ವ ಒಳಗೆ ಹೋಗಿ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದಳು, ನನ್ನ ಹಿಟ್ಟಿನ ಕೈಗೂ. ಅರ್ಧಕ್ಕೆ ನಿಂತ ಕಥೆ ಮುಂದೇನಾಯಿತೆಂದು ಯಾರೂ ಕೇಳಲಿಲ್ಲ.