ಗೀರು ಬಿದ್ದ ರೆಕಾರ್ಡಿನ ಹಾಡು

ನಿಮ್ಮ ಗ್ರೂಪಿನಲ್ಲಿ ಗಿಟಾರ್ ಹಿಡಿದವರಿದ್ದರೆ ಇದನ್ನು ಅವರಿಗೆ ಕಳಿಸಿ… ಹಿಡಿಯದವರಿಗಂತೂ ಕಳಿಸಲೇಬೇಕು.

ಹುಬ್ಬಳ್ಳಿಯಲ್ಲಿ ಈರಣ್ಣ ಜಾಲಿಹಾಳ ಅಂತ ಒಬ್ಬ ಗಿಟಾರ್ ವಾದಕ. ಪೋಸ್ಟರಿನಲ್ಲಿ ಮಾತ್ರ ‘ಇರಾ’… ಮನುಷ್ಯ ದೊಡ್ಡವನಾದಂತೆ ಹೆಸರು ಸಣ್ಣದಾಗುತ್ತದಲ್ಲ, ಹಾಗೆ.

ಗೋವಾದ ಹೋಟೆಲುಗಳಲ್ಲಿ ನುಡಿಸಿ ಹೆಸರು ಮಾಡಿದವನು. ಅಮೆರಿಕದ ಹಳೆಯ ರಿದಂ ಅಂಡ್ ಬ್ಲೂಸ್ ಹಾಡುಗಳನ್ನು ಆರಿಸಿ, ಒಂದೇ ಗಿಟಾರ್ ಇಟ್ಟುಕೊಂಡು ಹಾಡಿ, ಒಂದು ಆಲ್ಬಮ್ ಮಾಡಿದ.

ಬಿಡುಗಡೆ ಹುಬ್ಬಳ್ಳಿಯಲ್ಲೇ. ಹಾಲ್ ಫುಲ್…

ಮುಂದಿನ ಸಾಲಿನಲ್ಲಿ ಬೇಸಿಲ್ ಅಂಕಲ್ ಕೂತಿದ್ದರು. ರೈಲ್ವೆಯಲ್ಲಿ ಇಂಜಿನ್ ಡ್ರೈವರ್ ಆಗಿ ರಿಟೈರ್ ಆದ ಆಂಗ್ಲೋ ಇಂಡಿಯನ್ ಮುದುಕ.

ಹಳೆಯ ಸೂಟಿಗೆ ಇಸ್ತ್ರಿ ಮಾಡಿಸಿಕೊಂಡು, “ನನ್ನ ಶಿಷ್ಯಂದು ಪ್ರೋಗ್ರಾಂ ಐತಿ, ಎಲ್ಲಾರೂ ಬರ್ರಿ” ಅಂತ ರೈಲ್ವೆ ಕಾಲೊನಿಯವರನ್ನೆಲ್ಲ ಕರೆದುಕೊಂಡು ಬಂದಿದ್ದರು.

ಅದು ಸುಳ್ಳಲ್ಲ. ಈರಣ್ಣನ ಅಪ್ಪ ಅದೇ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಆ ಹುಡುಗನನ್ನು ತಮ್ಮ ಮನೆಯ ವರಾಂಡದಲ್ಲಿ ಕೂರಿಸಿ, ಒಂದೊಂದೇ ಬೆರಳು ಹಿಡಿದು ತಂತಿಯ ಮೇಲಿಟ್ಟು ಕಲಿಸಿದವರು ಬೇಸಿಲ್ ಅಂಕಲ್.

ಬೆರಳ ತುದಿ ಕಿತ್ತು ಹೋದರೆ ಅವರ ಹೆಂಡತಿ, ಆಂಟಿ, ಕೊಬ್ಬರಿ ಎಣ್ಣೆ ಹಚ್ಚಿ, ಚಹಾ ಕುಡಿಸಿ ಕಳಿಸುತ್ತಿದ್ದರು…

ವೇದಿಕೆಯ ಮೇಲೆ ನಿರೂಪಕಿ ಕೇಳಿದಳು. “ಸರ್, ಈ ಹಾಡೆಲ್ಲಾ ಯಾರ ಕಡೆ ಕಲ್ತ್ರಿ?”

ಈರಣ್ಣ ಕೂದಲು ಹಿಂದಕ್ಕೆ ಸರಿಸಿಕೊಂಡ.

“ಯಾರ ಕಡೆನೂ ಇಲ್ರಿ. ಗುರು ಗಿರು ಯಾರೂ ಇಲ್ಲ. ಹಳೇ ರೆಕಾರ್ಡ್ ಕೇಳಿ ಕೇಳಿ ನಾನಽ ಕಲ್ತೆ.”

ಚಪ್ಪಾಳೆಯೋ ಚಪ್ಪಾಳೆ…

ಯಾರ ನೆರವೂ ಇಲ್ಲದೆ ಮೇಲೆ ಬಂದವನು ಅಂದರೆ ಜನಕ್ಕೆ ಇಷ್ಟ, ನೋಡಿ. ಅದು ಗೊತ್ತಿದ್ದೇ ಈ ಮಹಾಶಯ ಏರಿದ ಏಣಿಯನ್ನು ಒದ್ದಿದ್ದು.

ಕಾಲೊನಿಯವರೆಲ್ಲ ಬೇಸಿಲ್ ಅಂಕಲ್ ಮುಖ ನೋಡಿದರು. ಅವರು ನೆಲ ನೋಡುತ್ತಿದ್ದರು.

ಈರಣ್ಣ ಆಲ್ಬಮ್ಮಿನ ಮೊದಲ ಹಾಡು ನುಡಿಸಿದ. ಮುಗಿದ ಮೇಲೆ ನಿರೂಪಕಿ ಮತ್ತೆ ಮೈಕ್ ಹಿಡಿದಳು. ಪಾಪ, ಅವಳಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ.

“ಸರ್, ನಾ ಮೂಲ ಹಾಡು ಕೇಳ್ಕೊಂಡು ಬಂದೀನ್ರಿ. ನಡಕ ಒಂದು ಸಾಲು ನೀವು ಬಿಟ್ಟಽ ನುಡಿಸ್ತೀರಿ. ಬೇಕಂತ ಬಿಟ್ಟೀರೇನ್ರಿ?”

ಅಂದವಳೇ ಮೊಬೈಲನ್ನು ಮೈಕಿನ ಹತ್ತಿರ ಹಿಡಿದು ಆ ಜಾಗ ಕೇಳಿಸಿದಳು. ಹೌದು… ಅಲ್ಲಿ ಇಡೀ ಒಂದು ಸಾಲು ಇತ್ತು.

ಈರಣ್ಣ ಗಿಟಾರಿನ ತಂತಿ ಬಿಗಿ ಮಾಡುವವನಂತೆ ತಲೆ ಬಗ್ಗಿಸಿದ.

ಆ ಮೂಲ ಹಾಡನ್ನು ಅವನು ಜೀವಮಾನದಲ್ಲಿ ಕೇಳಿಯೇ ಇರಲಿಲ್ಲ. ಅವನಿಗೆ ಆ ಹಾಡು ಬಂದಿದ್ದು ವರಾಂಡದಿಂದ… ರೆಕಾರ್ಡಿನಿಂದ ಅಲ್ಲ. ಈಗ ಹಾಲಿನಲ್ಲಿದ್ದವರಿಗೆಲ್ಲ ಅದು ಗೊತ್ತಾಗುವುದರಲ್ಲಿತ್ತು.

ಅಷ್ಟರಲ್ಲಿ ಬೇಸಿಲ್ ಅಂಕಲ್ ಎದ್ದು ನಿಂತರು.

ಹೇಳಿಬಿಡುತ್ತಾರೆ, ಮಾನ ಕಳೆಯುತ್ತಾರೆ ಅಂತ ಈರಣ್ಣ ಕಣ್ಣು ಮುಚ್ಚಿಕೊಂಡ…

“ಇವರದು ತಪ್ಪಿಲ್ಲ ಮೇಡಂ. ನಮ್ಮ ರೈಲ್ವೆ ಕ್ಲಬ್ಬಿನ್ಯಾಗ ಈ ಹಾಡಿಂದು ಒಂದಽ ರೆಕಾರ್ಡ್ ಇತ್ತು. ಅದಕ್ಕ ಗೀರು ಬಿದ್ದಿತ್ತು. ಅಲ್ಲಿ ಬಂದ್ರ ಸೂಜಿ ಜಿಗದು ಮುಂದ ಹೋಗತಿತ್ತು. ನಮ್ಮ ಬ್ಯಾಂಡ್ ಹಂಗಽ ಕಲೀತು, ಮಂದಿ ಹಂಗಽ ಡ್ಯಾನ್ಸ್ ಮಾಡಿದ್ರು. ಇವರು ಸಣ್ಣಾವ್ರಿದ್ದಾಗ ಕಿಟಕಿ ಹೊರಗ ನಿಂತು ಕೇಳಿರಬೇಕು.”

‘ಇವರು’ ಅಂದರು… ಹುಟ್ಟಿದಾಗಿನಿಂದ ‘ಲೇ ಈರ್ಯಾ’ ಅಂತ ಕರೆದ ಬಾಯಿ ಅದು.

ಆಗಲಾದರೂ ಈರಣ್ಣ ನಿಜ ಹೇಳಬಹುದಿತ್ತು. ಹೇಳಲಿಲ್ಲ.

“ಹೌದ್ರಿ… ಕಿಟಕಿ ಹೊರಗ” ಅಂದುಬಿಟ್ಟ. ಅಂದ ಮೇಲೆ ತನ್ನ ಧ್ವನಿ ತನಗೇ ಹೇಸಿಗೆಯಾಯಿತು.

ಮಧ್ಯದಲ್ಲಿ ಚಹಾಕ್ಕೆ ಬಿಟ್ಟರು. ಈರಣ್ಣ ವೇದಿಕೆಯ ಹಿಂದೆ ಒಬ್ಬನೇ ಕೂತಿದ್ದ. ಬೇಸಿಲ್ ಅಂಕಲ್ ಬಂದರು. ಮುಖಕ್ಕೆ ಉಗಿದರೂ ಉಗಿಯಲಿ, ಉಗಿದರೆ ಹಗುರಾದರೂ ಆಗುತ್ತದೆ ಅಂತ ಎದ್ದು ನಿಂತ.

ಅವರು ಅವನ ಎರಡೂ ಕೈ ಹಿಡಿದುಕೊಂಡರು.

“ಸಾರಿ ಲೇ ಈರ್ಯಾ… ಆ ಗೀರಿನ ಕೆಳಗ ಇಡೀ ಒಂದು ಸಾಲು ಐತಿ ಅಂತ ನನಗೂ ಇವತ್ತಽ ಗೊತ್ತಾತು. ನಿನಗ ಅರ್ಧಾ ಹಾಡು ಕಲಿಸಿಬಿಟ್ಟೆ. ನನ್ನಿಂದ ನಾಕ್ ಮಂದಿ ಮುಂದ ನೀ ತಲಿ ತಗ್ಗಿಸೂಹಂಗಾತು.”

ಈರಣ್ಣ ಅವರ ಕಾಲಿಗೆ ಬಿದ್ದು ಮಗುವಿನಂತೆ ಅತ್ತ.

ಅತ್ತರೆ ಸಾಲದು ಅಂತ ಅವನಿಗೂ ಗೊತ್ತಿತ್ತು. ಸುಳ್ಳು ಹೇಳಿದ್ದು ಮೈಕಿನಲ್ಲಿ…

ಜನ ಇನ್ನೂ ಚಹಾ ಕಪ್ ಹಿಡಿದುಕೊಂಡೇ ಇದ್ದರು. ಈರಣ್ಣ ನೇರ ಮೈಕಿನ ಮುಂದೆ ಹೋಗಿ ನಿಂತು ಎರಡೂ ಕಿವಿ ಮುಟ್ಟಿಕೊಂಡ. ನಮ್ಮ ಕಡೆ ಸಂಗೀತದವರು ಗುರುವಿನ ಹೆಸರು ಹೇಳುವ ಮುಂಚೆ ಹಾಗೆ ಮುಟ್ಟಿಕೊಳ್ಳುತ್ತಾರೆ. ಹಾಲಿನಲ್ಲಿ ಗದ್ದಲ ತಾನಾಗಿಯೇ ನಿಂತಿತು.

“ಕಿಟಕಿ ಹೊರಗ ನಿಂತು ಕೇಳಿದ್ದು ಸುಳ್ಳರಿ. ನಾ ಅವರ ಮನ್ಯಾಗ ಕುಂತು ಕಲ್ತಾಂವ. ನನ್ನ ಗುರು ಬೇಸಿಲ್ ಅಂಕಲ್… ಅವರ ಹೆಸರು ಹೇಳಾಕ ನನಗ ನಾಚಿಕಿ ಬಂತು. ಈಗ ನನ್ನ ಹೆಸರು ಹೇಳಾಕ ನಾಚಿಕಿ ಬರಾಕತ್ತೈತಿ.”

ಕಾಲೊನಿಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೇಸಿಲ್ ಅಂಕಲ್ ಕರ್ಚೀಫಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

ಅಷ್ಟು ಚಪ್ಪಾಳೆಗೂ ಈರಣ್ಣನ ತಲೆ ಮೇಲೇಳಲಿಲ್ಲ…

ಕ್ಷಮೆ ಕೇಳಬೇಕಾಗಿದ್ದವನು ಅವನು. ಮೊದಲು ಕೇಳಿದವರು ಅವರು.

*ಗುರುವಿನ ಹೆಸರು ಹೇಳಿದರೆ ಯಾರೂ ಸಣ್ಣವರಾಗುವುದಿಲ್ಲ… ಮುಚ್ಚಿಟ್ಟವರು ಮಾತ್ರ ಆಗುತ್ತಾರೆ.*

ನಿಮ್ಮ ಬೆರಳು ಹಿಡಿದು ಮೊದಲು ಕಲಿಸಿದವರು ಯಾರು… ಅವರ ಹೆಸರನ್ನು ನಾಲ್ಕು ಜನರ ಮುಂದೆ ಕೊನೆಯದಾಗಿ ಯಾವಾಗ ಹೇಳಿದ್ದಿರಿ?