ಸ್ಟೀರಿಂಗ್ ಚಕ್ರ

ಒಂಬತ್ತು ವರ್ಷ ಊರೂರ ಗುಜರಿ ಜಾಲಾಡಿ, ಅಸಲಿ ಬಿಡಿಭಾಗಗಳನ್ನೇ ಹುಡುಕಿ ತಂದು ಮೆಕ್ಯಾನಿಕ್ ದಸ್ತಗೀರ ಮಹಾಯುದ್ಧದ ಕಾಲದ ಜೀಪೊಂದನ್ನು ಜೋಡಿಸಿದ್ದ. ಸ್ಟೀರಿಂಗ್ ಚಕ್ರವೊಂದು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ಅದನ್ನು ತನ್ನ ಪೆಟ್ಟಿಗೆಯಿಂದ ತೆಗೆದುಕೊಟ್ಟವಳು ತೊಂಬತ್ತೇಳರ ಅಂಬಕ್ಕಜ್ಜಿ, ತೀರಿಹೋದ ಮೇಜರರ ಹೆಂಡತಿ.

ಇಂದು ಎಂಜಿನ್ ಮೊದಲ ಸಲಕ್ಕೇ ಗುಡುಗಿತು. ದಸ್ತಗೀರ ನಗುತ್ತ, ಕುಣಿಯುತ್ತ ಜೀಪಿಗೆ ಎರಡು ಸುತ್ತು ಹಾಕಿ ಅಜ್ಜಿಯನ್ನು ಕರೆದ.

"ಬರ್ರಿ ಅಜ್ಜಿ, ಬಾಜೂಕ ಕೂಡ್ರಿ. ಮೇಜರ್ ಸಾಹೇಬ್ರು ಹಿಡಿದ ಸ್ಟೀರಿಂಗ್ ಇವತ್ತ ನಾ ಹಿಡೀತೀನಿ."

"ಅವರು ಯಾವಾಗ ಹಿಡಿದಿದ್ರೋ?"

"ಯುದ್ಧದಾಗ್ರಿ."

ಅಜ್ಜಿ ತನ್ನ ಕೋಲನ್ನು ಅವನ ಕೈಗೆ ಕೊಟ್ಟು, ಸ್ಟೀರಿಂಗ್ ಮುಂದೆ ಹತ್ತಿ ಕುಳಿತಳು.

"ಯುದ್ಧದಾಗ ಡ್ರೈವರ್ ನಾ ಇದ್ದೆ ತಮ್ಮಾ, ಅವರು ಬಾಜೂಕ ಕುಂತು ದೇವರ ನೆನಸ್ತಿದ್ರು. ನೀನೂ ಹತ್ತು."