ನೌಕೆಯ ಗಡಿಯಾರ

"ಯಾವ ಬಡ್ಡೀಮಗ ಮಾಡಿದ್ದು ಇದನ್ನ?"

ಧಣಿಯ ಕೂಗಿಗೆ ಎಡಿಟಿಂಗ್ ಕೋಣೆಯ ಗಾಜು ಅದುರಿತು. ಧಾರಾವಾಹಿಯ ನಿರ್ಮಾಪಕನನ್ನು ಸ್ಟುಡಿಯೋದಲ್ಲಿ ಎಲ್ಲರೂ ಧಣಿ ಎನ್ನುತ್ತಿದ್ದರು. ಬೆನ್ನ ಹಿಂದೆ ಬೇರೆ ಏನೇನೋ. ಪರದೆಯ ಮೇಲೆ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಎದೆಯುಬ್ಬಿಸಿ, "ನನ್ನ ನೌಕೆಯಲ್ಲಿ ಯಾರ ಪ್ರಾಣವೂ ಸಣ್ಣದಲ್ಲ" ಎನ್ನುತ್ತಿದ್ದ. ಅವನ ತಲೆಯ ಹಿಂದೆ ಗೋಡೆ ಗಡಿಯಾರ. ನಾಲ್ಕು ಗಂಟೆ ಹತ್ತು ನಿಮಿಷ.

ಮೂರನೇ ಸೀಸನ್ನಿನ ಹತ್ತು ಕಂತು ಪ್ರಸಾರವಾಗಿತ್ತು. ಹತ್ತರಲ್ಲೂ ನಾಲ್ಕು ಹತ್ತು. ನೌಕೆ ಶನಿಗ್ರಹ ದಾಟಿದರೂ ನಾಲ್ಕು ಹತ್ತು, ಉಲ್ಕೆ ಬಡಿದರೂ ನಾಲ್ಕು ಹತ್ತು, ಕ್ಯಾಪ್ಟನ್ನನ ಮದುವೆಗೂ ಅದೇ ಮುಹೂರ್ತ. ನೌಕೆ ಕಾಲದ ಸುಳಿಗೆ ಸಿಕ್ಕಿದೆ ಎಂದು ಕೆಲವು ನೋಡುಗರು ವಾದಿಸುತ್ತಿದ್ದರು. ಮಿಕ್ಕವರು ಬಿದ್ದು ಬಿದ್ದು ನಗುತ್ತಿದ್ದರು.

ಧಣಿಗೆ ನಗು ಬರಲಿಲ್ಲ. ಆ ಗಂಟೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ವರ್ಷದ ಹಿಂದೆ, ಎರಡನೇ ಸೀಸನ್ನಿನಲ್ಲಿ ಒಬ್ಬ ಲೈಟ್‌ಮ್ಯಾನ್ ಸತ್ತಿದ್ದ. ಅಂದು ಮೂರಕ್ಕೇ ಶೂಟಿಂಗ್ ಮುಗಿದಿತ್ತು, ಆಮೇಲೆ ಅವನು ಕುಡಿದು ಹಿತ್ತಲ ಗೋಡೆ ಹತ್ತಿ ಬಿದ್ದ ಎಂದು ಕಂಪನಿ ಪೊಲೀಸರಿಗೆ ಹೇಳಿತ್ತು. ಆ ದಿನದ ಶೂಟಿಂಗ್ ವರದಿಯಲ್ಲೂ ಮೂರಕ್ಕೇ ಮುಗಿಯಿತು ಎಂದಿತ್ತು. ಮೂರರ ನಂತರದ ಚಿತ್ರೀಕರಣವನ್ನೆಲ್ಲ ಅಳಿಸಿದ್ದರು. ಕಂಡವರು ಬಾಯಿಗೆ ಬೀಗ ಹಾಕಿಕೊಂಡರು. ನಾಳೆ ಕೆಲಸ ಬೇಕಲ್ಲ.

ಸತ್ತವನ ಹೆಂಡತಿ ಇದೇ ಸ್ಟುಡಿಯೋದ ದರ್ಜಿ. ನೌಕೆಯವರ ಸಮವಸ್ತ್ರ ಹೊಲಿಯುವವಳು. ನಾಲ್ಕು ಹತ್ತಕ್ಕೆ ಸೆಟ್ಟಿನೊಳಗೇ ಬಿದ್ದರು, ಸದ್ದು ಕೇಳಿ ನಾನೇ ಓಡಿದೆ ಎಂದು ಕಂಡಕಂಡವರಿಗೆ ಹೇಳಿದಳು. ಸಾಕ್ಷಿ ಎಲ್ಲಿ ಎಂದರು. ಒಂದು ಹನಿ ಮುಟ್ಟದವನು ಕುಡುಕನಾದ. ಅವನ ಮಗಳು ಶಾಲೆಯಲ್ಲಿ ಕುಡುಕನ ಮಗಳಾದಳು.

"ಅವಳದೇ ಕೆಲಸ," ಎಂದ ಧಣಿ. "ಸಂಜೆಯೊಳಗೆ ಗಂಟುಮೂಟೆ ಕಟ್ಟಿಸ್ತೀನಿ."

"ಸಾಕ್ಷಿ ಇಲ್ಲದೆ ಕಳಿಸಿದ್ರೆ ಊರೆಲ್ಲ ಡಂಗುರ ಹೊಡೀತಾಳೆ ಧಣಿ," ಎಂದಳು ಮೂಲೆಯಲ್ಲಿ ನಿಂತಿದ್ದ ಕಂಟಿನ್ಯುಟಿ ಅಕ್ಕ.

ನಿನ್ನೆಯ ಶಾಟಿಗೂ ಇಂದಿನ ಶಾಟಿಗೂ ಕಾಲರು, ಕೂದಲು, ಕಾಫಿ ಲೋಟ ಎಲ್ಲ ಹೊಂದುವಂತೆ ನೋಡುವುದು ಅವಳ ಕೆಲಸ. ಏಣಿಯಂಥ ಹೆಂಗಸು. ಶಾಟ್ ಶುರುವಾಗುವ ಮುನ್ನ ಸೆಟ್ಟಿನಿಂದ ಕೊನೆಗೆ ಹೊರಬರುವವಳು ಅವಳೇ, ಮುಗಿದ ಕೂಡಲೇ ಮೊದಲು ಒಳಗೆ ಹೋಗುವವಳೂ ಅವಳೇ. ಪ್ರತಿ ಶಾಟಿಗೂ ಮುನ್ನ, ದಿನಾಂಕ ಗಂಟೆ ತೋರಿಸುವ ಕ್ಲಾಪ್ ಬೋರ್ಡ್ ಹಿಡಿಸಿ ಒಂದು ಫೋಟೋ ತೆಗೆದು ಪುಸ್ತಕಕ್ಕೆ ಅಂಟಿಸುತ್ತಿದ್ದಳು. ಕ್ಯಾಮೆರಾದಿಂದ ಅಲ್ಲೇ ಕಾಗದವಾಗಿ ಹೊರಬರುವ ಹಳೇ ಬಗೆಯ ಫೋಟೋ. ಕಾಲ ಎಲ್ಲಿಗೋ ಹೋಯ್ತು, ಇವಳು ಇನ್ನೂ ಅಂಟು ಡಬ್ಬಿ ಬಿಟ್ಟಿಲ್ಲ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು.

"ಹತ್ತು ಕಂತು! ನಿನ್ನ ಕಣ್ಣೇನು ಮೇಯೋಕೆ ಹೋಗಿತ್ತಾ?"

"ತಪ್ಪಾಯ್ತು ಧಣಿ. ಯಾರು ಅಂತ ನಾನೇ ಸಂಜೆಯೊಳಗೆ ಹೇಳ್ತೀನಿ."

ಮೊದಲು ಸೆಟ್ಟಿನ ಬಡಗಿಯನ್ನು ಹಿಡಿದಳು. ಅವನು ಕೈಮುಗಿದ. "ಅಮ್ಮನಾಣೆ ನಾನಲ್ಲ ಅಕ್ಕ!"

"ಹೋದ ಸೀಸನ್ನಿಂದಲೇ ಗಡಿಯಾರ ಕೆಟ್ಟಿತ್ತೇನೋ, ಅಲ್ವಾ?"

"ಹೂಂ ಅಕ್ಕ, ಹೂಂ! ಅವಾಗಿಂದಲೇ ಕೆಟ್ಟಿತ್ತು!" ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು.

ಆಮೇಲೆ ಹೊಲಿಗೆ ಕೋಣೆ. ದರ್ಜಿ ಸ್ಟೂಲಿನ ಮೇಲೆ ನಿಂತು ಸಮವಸ್ತ್ರಗಳನ್ನು ಮೊಳೆಗೆ ತೂಗುಹಾಕುತ್ತಿದ್ದಳು. ಗಿಡ್ಡಿ, ಸ್ಟೂಲಿದ್ದರೂ ತುದಿಗಾಲಲ್ಲಿ ನಿಲ್ಲಬೇಕು.

"ನಾನು ಮಾಡಿಲ್ಲ," ಎಂದಳು ತಿರುಗಿ ನೋಡದೆ. "ಮಾಡಿದವರ ಹೊಟ್ಟೆ ತಣ್ಣಗಿರಲಿ. ಆದ್ರೆ ಅವತ್ತು ಮೂರು ಗಂಟೆ ಅಂತ ಬರೆದ್ರಲ್ಲ, ಆ ಕಾಗದ ನನಗೆ ತೋರಿಸ್ಲೂ ಇಲ್ಲ. ಆ ಕೈಗೆ ಹುಳ ಬೀಳಲಿ."

ಅಕ್ಕ ಹೊರಬಂದಳು. ಮುಖ ಕೆಂಡವಾಗಿತ್ತು.

"ಹೋದ ಸೀಸನ್ನಿಂದಲೇ ಕೆಟ್ಟಿತ್ತು ಅಂತಾನೆ ಬಡಗಿ," ಎಂದಳು ಧಣಿಗೆ. "ಹಳೇ ಫೋಟೋ ನೋಡಿದ್ರೆ ಸುಳ್ಳೋ ನಿಜವೋ ಗೊತ್ತಾಗುತ್ತೆ. ಸುಳ್ಳಾದ್ರೆ ದರ್ಜಿಯನ್ನ ಹಿಡೀಬಹುದು. ಪುಸ್ತಕ ನಿಮ್ಮ ಬೀರುವಿನಲ್ಲಿದೆ."

ಎರಡನೇ ಸೀಸನ್ನಿನ ಕಾಗದಪತ್ರವೆಲ್ಲ ಸಾವಿನ ಮಾರನೇ ದಿನವೇ ಆ ಬೀರು ಸೇರಿತ್ತು. ಕೀಲಿ ಧಣಿಯ ಸೊಂಟದಲ್ಲಿ. ವರ್ಷದಲ್ಲಿ ಒಮ್ಮೆಯೂ ಯಾರ ಕೈಗೂ ಕೊಟ್ಟಿರಲಿಲ್ಲ. ಆದರೆ ಸಿಟ್ಟು ನೆತ್ತಿಗೇರಿದವನಿಗೆ ಸೊಂಟದ ನೆನಪು ಎಲ್ಲಿ? ಅಲ್ಲದೆ ಮೂರಕ್ಕೇ ಮುಗಿಯಿತು ಎಂದು ವರ್ಷವಿಡೀ ಹೇಳಿ ಹೇಳಿ, ತನ್ನ ಸುಳ್ಳನ್ನು ಅವನೇ ನಂಬಿಬಿಟ್ಟಿದ್ದ. ಕೀಲಿಗೊಂಚಲು ಮೇಜಿನ ಮೇಲೆ ಬಂದು ಬಿತ್ತು.

"ತಗೊಂಡು ಸಾಯಿ. ಸಂಜೆಗೆ ಅವಳು ಗೇಟಿನಾಚೆ ಇರಬೇಕು."

ಅಕ್ಕ ಪುಸ್ತಕ ತೆಗೆದಳು. ಧಣಿಯ ಹತ್ತಿರ ಹೋಗಲಿಲ್ಲ. ನೇರ ಹೊಲಿಗೆ ಕೋಣೆಗೆ ಬಂದು ಅಗುಳಿ ಹಾಕಿದಳು.

"ಕೆಲಸದಿಂದ ತೆಗೆಯೋಕೆ ಬಂದ್ರಾ ಅಕ್ಕ?"

ಅಕ್ಕ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಫೋಟೋ ಇಟ್ಟಳು. ನೌಕೆಯ ಕೋಣೆ. ಮುಂದೆ ಕ್ಲಾಪ್ ಬೋರ್ಡ್, ಅದರಲ್ಲಿ ಕೆಂಪಗೆ ಹೊಳೆಯುವ ದಿನಾಂಕ ಮತ್ತು ಗಂಟೆ: ಅದೇ ದಿನ, ನಾಲ್ಕು ಎಂಟು. ಮೇಲೆ, ಗೇಣಗಲದ ಹಲಗೆಯ ಮೇಲೆ, ಸೊಂಟಕ್ಕೆ ಹಗ್ಗವಿಲ್ಲದೆ, ದೀಪದತ್ತ ಕೈ ಚಾಚಿ ನಿಂತ ಲೈಟ್‌ಮ್ಯಾನ್.

"ಗಡಿಯಾರದ ಮುಳ್ಳು ತಿರುಗಿಸಿದ್ದು ನಾನು," ಎಂದಳು ಅಕ್ಕ. "ಬೇರೆ ಯಾವ ದಾರಿಯಲ್ಲೂ ಧಣಿ ಸೊಂಟದಿಂದ ಬೀರುವಿನ ಕೀಲಿ ಬಿಚ್ಚಿಸೋಕಾಗ್ಲಿಲ್ಲ. ಇದನ್ನ ಪೊಲೀಸರಿಗೆ ಕೊಡು."

ದರ್ಜಿ ಗಂಡನ ಮುಖವನ್ನು ಬೆರಳಿನಿಂದ ಮುಟ್ಟಿದಳು. ಅಳು ಬಂತು, ಅಳುವಿನ ಹಿಂದೆಯೇ ರೋಷ. "ಇಷ್ಟಿದ್ದೂ ಮೂರು ಅಂತ ಬರೆದವರು ಯಾರು? ಹೆಸರು ಹೇಳಿ ಅಕ್ಕ, ಆ ಕೈ ಮುರಿದು ಹಾಕ್ತೀನಿ!"

"ಅದೂ ಬೀರುವಿನಲ್ಲೇ ಇತ್ತು. ಇದನ್ನೂ ಕೊಡು." ಅಕ್ಕ ಆ ದಿನದ ವರದಿಯನ್ನು ಫೋಟೋದ ಪಕ್ಕದಲ್ಲಿಟ್ಟು, ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿ ನಿಂತಳು.

ವರದಿಯ ಕೆಳಗಿನ ಸಹಿ ಅವಳದೇ.